ಕಾಟಮ್ಮನ ಎಡಗೆನ್ನೆ

ಅತ್ತೆ ಬೇಕೆಂದೇ ತನ್ನ ಮಾತಿಗೆ ಉತ್ತರ ಕೊಡುತ್ತಿಲ್ಲ ಎಂದು ದುರುಗಕ್ಕ ತೀರ್ಮಾನ ಮಾಡಿ ಆರು ತಿಂಗಳಾಗಿತ್ತು. ಆಧಾರವೇನೂ ಕಡಿಮೆಯಿರಲಿಲ್ಲ. ಬಾಗಿಲಲ್ಲಿ ನಿಂತು "ಅತ್ತೀ, ನೀರು ಕಾದಾವ್ರಿ" ಎಂದರೆ ಒಲೆಯ ಮುಂದೆ ಕುಳಿತ ಕಾಟಮ್ಮ ತಿರುಗಿಯೂ ನೋಡುತ್ತಿರಲಿಲ್ಲ. "ಕೂಸು ಅಳಾಕತ್ತೈತ್ರಿ" ಎಂದರೂ ಅಷ್ಟೇ. ಅದೇ ಕಾಟಮ್ಮ, ಸೊಸೆ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಾ ಗೊಣಗಿದ್ದನ್ನು ಮಾತ್ರ ಹೇಗೋ ಕೇಳಿಸಿಕೊಂಡು, "ಏನಮ್ಮಿ ಅಂದೆ?" ಎಂದು ಕತ್ತು ಚಾಚುತ್ತಿದ್ದಳು. ಬೇಕಾದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಸೊಸೆಗೆ ಬೇಕು?

ದುರುಗಕ್ಕನ ತವರು ರಾಯದುರ್ಗದ ಆಚೆ, ಬೊಮ್ಮನಹಾಳಿನ ಕಡೆ. ಮಡಕಶಿರ ತಾಲ್ಲೂಕಿನಲ್ಲಿ ಅಮರಾಪುರದ ಹತ್ತಿರದ ಈ ಹಟ್ಟಿಗೆ ಅವಳು ಬಂದದ್ದು ಕುರಿಗಳ ದೆಸೆಯಿಂದ. ಮಾವ ಚಿಕ್ಕತಿಮ್ಮಯ್ಯ ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ಮಂದೆ ಹೊಡೆದುಕೊಂಡು ಆ ಕಡೆ ಹೋಗುತ್ತಿದ್ದ. ಅವಳ ಅಣ್ಣ ಉಜ್ಜಿನಪ್ಪನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ. ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಗೊಬ್ಬರದ ಸಂಬಂಧ ಹೆಣ್ಣು ಕೊಡುವ ಸಂಬಂಧವಾಗಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ ದುರುಗಕ್ಕನ ಮಾತಿನ ತುದಿಯ 'ರಿ' ಹೋಗಿರಲಿಲ್ಲ. ಈಯಮ್ಮ ಬೈದರೂ ಮರ್ಯಾದೆ ಕೊಟ್ಟ ಹಾಗಿರುತ್ತದೆ ಎಂದು ಹಟ್ಟಿಯ ಹೆಂಗಸರು ನಗುತ್ತಿದ್ದರು.

ಮಾಘದ ಒಂದು ಬೆಳಿಗ್ಗೆ ಒಲೆಯ ಮೇಲಿನ ಹಾಲು ಉಕ್ಕಿ ಬೂದಿಯ ಪಾಲಾಯಿತು. ಒಂದೂವರೆ ವರ್ಷದ ಮಗಳು ಪಾಪಕ್ಕನನ್ನು ಸೊಂಟದಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ದುರುಗಕ್ಕನಿಗೆ ಅಂದು ತಡೆಯಲಾಗಲಿಲ್ಲ.

"ಮೂರು ಸಲ ಹೇಳೀನ್ರಿ, ಹಾಲು ಉಕ್ಕತೈತಿ ಅಂತ. ನನ್ನ ಮಾತು ಬ್ಯಾಡ ಅಂದ್ರ ಬ್ಯಾಡ ಬಿಡ್ರಿ, ಹಾಲು ಏನು ಮಾಡಿತ್ತು?"

"ಹೇಳ್ಲೇ ಇಲ್ಲ ನೀನು" ಎಂದಳು ಕಾಟಮ್ಮ.

"ಹೇಳೀನ್ರಿ. ಮಾವಾರನ್ನ ಕೇಳ್ರಿ."

ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಚಿಕ್ಕತಿಮ್ಮಯ್ಯ, "ಹೇಳ್ದಳು" ಎಂದ. ಅವನು ದಿನಕ್ಕೆ ಆಡುವ ಹತ್ತು ಮಾತುಗಳಲ್ಲಿ ಅದೊಂದು.

ಬೇರೆ ಅತ್ತೆಯಾಗಿದ್ದರೆ ಇಲ್ಲಿಂದ ಜಗಳ ಹಿತ್ತಲು ದಾಟಿ ಬೀದಿಗೆ ಹೋಗುತ್ತಿತ್ತು. ಕಾಟಮ್ಮನ ಸ್ವಭಾವ ಬೇರೆ. ಮಡಿಕೆ ಒಡೆದರೆ ಅಯ್ಯೋ ಎನ್ನುವ ಮೊದಲು ಎಲ್ಲಿಂದ ಬಿರುಕು ಬಿಟ್ಟಿತು ಎಂದು ನೋಡುವವಳು ಅವಳು. ಉಕ್ಕಿದ ಹಾಲನ್ನು ಬಿಟ್ಟು ಸೊಸೆಯನ್ನೇ ದಿಟ್ಟಿಸಿದಳು.

"ಎಲ್ಲಿ ನಿಂತ್ಕೊಂಡು ಹೇಳ್ದೆ?"

"ಇಲ್ಲೇ ರೀ."

"ಅಲ್ಲೇ ನಿಂತ್ಕೊ. ಅಷ್ಟೇ ದನಿಯಾಗೆ ಇನ್ನೊಂದ್ಸಲ ಹೇಳು."

ದುರುಗಕ್ಕ ಹೇಳಿದಳು. ಕಾಟಮ್ಮ ಒಲೆಯ ಕಡೆ ಮುಖ ಮಾಡಿ ಕುಳಿತೇ ಇದ್ದಳು. ಆಮೇಲೆ ಮಣೆ ತಿರುಗಿಸಿ, ಬಲಗಿವಿ ಬಾಗಿಲಿಗೆ ಬರುವಂತೆ ಕುಳಿತಳು. ಈ ಸಲ ಕೇಳಿಸಿತು. ಬಲಗಿವಿಗೆ ಬೆರಳು ತುರುಕಿಕೊಂಡಳು. ಒಲೆಯ ಚಟಪಟ, ಮಗುವಿನ ಗಲಾಟೆ, ಹೊರಗೆ ಕೋಳಿಗಳ ಸದ್ದು ಎಲ್ಲವೂ ನಿಂತುಹೋಯಿತು. ಬೆರಳು ತೆಗೆದಳು, ಎಲ್ಲವೂ ಬಂತು. ಐದಾರು ಸಲ ಹಾಗೆ ಮಾಡಿದಳು.

"ಎಡಗಿವಿ ಹೋಗೈತೆ ಕಣಮ್ಮಿ" ಎಂದಳು. ದುಃಖಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು ಆ ದನಿಯಲ್ಲಿ. "ಯಾವಾಗ ಹೋಯ್ತು? ಹೋಗ್ವಾಗ ಒಂದು ಮಾತೂ ಹೇಳ್ಲಿಲ್ಲ ನೋಡು."

ದುರುಗಕ್ಕನಿಗೆ ನಾಚಿಕೆಯಾಯಿತು. ಅತ್ತೆ ಒಲೆಯ ಮುಂದೆ ಕುಳಿತರೆ ಬಾಗಿಲಿಗೆ ಎಡಗಿವಿ, ಹಿತ್ತಲಿಗೆ ಬಲಗಿವಿ. ಆರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟಿಗೆ ತಳವೇ ಇರಲಿಲ್ಲ. ಅವಳು ಮಗುವನ್ನು ಕೆಳಗಿಳಿಸಿ ಒಲೆಯ ಬೂದಿ ಬಳಿದಳು. ಅಂದಿನಿಂದ ಅತ್ತೆಯ ಬಲಕ್ಕೆ ಹೋಗಿ ಮಾತಾಡುವುದು ರೂಢಿಯಾಯಿತು. ಮನೆಯಲ್ಲಿ ಮಾತು ಹೆಚ್ಚಿತು, ನಗುವೂ ಹೆಚ್ಚಿತು.

ಎರಡನೆಯ ಸಂಗತಿ ತಿಳಿದದ್ದು ಎಲೆಯಡಿಕೆಯಿಂದ. ಕಾಟಮ್ಮ ಎಲೆ ಹಾಕಿದರೆ ಎಡಗೆನ್ನೆಯಲ್ಲೇ ಒತ್ತಿಟ್ಟುಕೊಳ್ಳುವವಳು. ಒಂದು ಮಧ್ಯಾಹ್ನ ಎಲೆಗೆ ಸುಣ್ಣ ಹೆಚ್ಚಾಗಿತ್ತು. ಅವಳಿಗೆ ಗೊತ್ತಾಗಲಿಲ್ಲ. ಸಂಜೆ ಮುದ್ದೆ ಉಣ್ಣುವಾಗ ಅತ್ತೆಯ ಬಾಯಿ ನೋಡಿದ ದುರುಗಕ್ಕ ಬೆಚ್ಚಿದಳು.

"ಅತ್ತೀ, ನಾಲಿಗಿ ಚಾಚ್ರಿ."

ನಾಲಿಗೆಯ ಎಡಭಾಗ ಸುಟ್ಟು ಬೆಳ್ಳಗೆ ಎದ್ದಿತ್ತು. ಸುಟ್ಟದ್ದು ಸರಿಯಾಗಿ ನಡುವಿನ ತನಕ, ಅದರಾಚೆ ಇಲ್ಲ.

"ಉರಿ ಇಲ್ಲೇನ್ರಿ?"

"ಉರಿನೂ ಇಲ್ಲ, ಗಿರಿನೂ ಇಲ್ಲ" ಎಂದು ಕಾಟಮ್ಮ ಮಗ ತಂದ ಸಣ್ಣ ಕನ್ನಡಿ ತರಿಸಿ ನಾಲಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿಕೊಂಡಳು. "ಗೆರೆ ಎಳೆದು ಪಾಲು ಮಾಡ್ದಂಗೆ ಐತಲ್ಲೇ."

ಆಮೇಲೆ ಒಂದು ವಾರ ಆ ಅಡಿಗೆಮನೆಯಲ್ಲಿ ನಡೆದದ್ದು ಅಡಿಗೆಗಿಂತ ಹೆಚ್ಚು ಪರೀಕ್ಷೆಯೇ. ಮೆಣಸಿನಕಾಯಿ ತುದಿಯನ್ನು ನಾಲಿಗೆಯ ಬಲಕ್ಕೆ ಮುಟ್ಟಿಸಿದರೆ ಕಣ್ಣಲ್ಲಿ ನೀರು, ಎಡಕ್ಕೆ ಮುಟ್ಟಿಸಿದರೆ ಏನೂ ಇಲ್ಲ. ಬಿಸಿ ಮುದ್ದೆ ಬಲಗೆನ್ನೆಗೆ ಬಿಸಿ, ಎಡಗೆನ್ನೆಗೆ ಬರೀ ಮುದ್ದೆ. ತಣ್ಣೀರು ಅರ್ಧ ತುಟಿಗೆ ಮಾತ್ರ ತಣ್ಣಗೆ. ಎಡತುಟಿಯ ಮೇಲೆ ಹಿಟ್ಟು ಅಂಟಿಕೊಂಡಿದ್ದರೆ ಪಾಪಕ್ಕ ಕೈ ತೋರಿಸಿ ನಗುವ ತನಕ ಕಾಟಮ್ಮನಿಗೆ ತಿಳಿಯುತ್ತಿರಲಿಲ್ಲ.

"ನೋವಾಗ್ತೈತೇನ್ರಿ ಅತ್ತೀ?"

"ಇಲ್ಲ ಕಣೆ. ಯಾರದೋ ಮುಖ ತಂದು ನನ್ನ ಮುಖಕ್ಕೆ ಅಂಟಿಸ್ದಂಗೆ ಐತೆ. ಎಲ್ಲಿಂದ ಎಲ್ಲೀಗಂಟ ಅಂಟಿಸವ್ರೆ ಅಂತ ನೋಡ್ಬೇಕಲ್ಲ."

ನೋಡಿದರು. ಒಂದು ದಿನ ಊಟವಾದ ಮೇಲೆ ಕಾಟಮ್ಮ ಕಣ್ಣು ಮುಚ್ಚಿಕೊಂಡು ಕುಳಿತಳು. ದುರುಗಕ್ಕ ಜಾಲಿಮುಳ್ಳಿನ ತುದಿಯಿಂದ ಮೆಲ್ಲಗೆ ಮುಟ್ಟುತ್ತಾ ಹೋದಳು. ಗೊತ್ತಾಗದ ಜಾಗಕ್ಕೆಲ್ಲ ತೇಯ್ದ ಅರಿಸಿನ ಹಚ್ಚಿದಳು. ಹಣೆಯ ನಡುವಿನಿಂದ ಹೊರಟು, ಮೂಗಿನ ಮೇಲೆ ಇಳಿದು, ತುಟಿ ದಾಟಿ, ಗಲ್ಲದ ನಡುವಿನ ತನಕ ಗೆರೆ ಬಂತು. ಕಾಟಮ್ಮನ ಅರ್ಧ ಮುಖ ಮದುವಣಗಿತ್ತಿಯದು, ಅರ್ಧ ಮುಖ ಕುರಿ ಕಾಯುವವಳದು. ಕನ್ನಡಿ ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದೇ ಹೊತ್ತಿಗೆ ಪಕ್ಕದ ಮನೆಯ ತಿಪ್ಪಮ್ಮ ಒಲೆಗೆ ಕೆಂಡ ಕೇಳಲು ಬಂದಳು.

"ಇದೇನಕ್ಕಾ ಈ ಸಿಂಗಾರ?"

ನಗುತ್ತಲೇ ಇದ್ದ ದುರುಗಕ್ಕ ಉತ್ತರ ಕೊಟ್ಟಳು. "ಏನಿಲ್ರಿ, ನಮ್ಮತ್ತಿ ಮುಖಕ್ಕ ಜಡ್ಡಾಗೈತ್ರಿ. ಮುಳ್ಳು ಚುಚ್ಚಿದ್ರೂ ತಿಳೀವಲ್ದು. ಅದಕ್ಕ ನೋಡಾಕತ್ತೀವಿ."

ರಾಯದುರ್ಗದ ಕಡೆ ಜಡ್ಡು ಎಂದರೆ ಕಾಯಿಲೆ. ನೆಗಡಿಯಾದರೂ ಜಡ್ಡೇ, ಜ್ವರವಾದರೂ ಜಡ್ಡೇ. ಮಡಕಶಿರದ ಕಡೆ ಜಡ್ಡು ಎಂದರೆ ಗಟ್ಟಿಯಾಗಿ ಸತ್ತುಹೋದ ಚರ್ಮ. ಮುಖದ ಚರ್ಮ ಸತ್ತಿದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ ಎಂದು ಮನೆಯ ಸೊಸೆಯೇ ನಗುನಗುತ್ತಾ ಹೇಳಿದ್ದನ್ನು ಕೇಳಿ ತಿಪ್ಪಮ್ಮ ಕೆಂಡ ತೆಗೆದುಕೊಳ್ಳದೆ ಹೊರಟುಹೋದಳು.

ಮರುದಿನ ಸೇದೋ ಬಾವಿಯ ಹತ್ತಿರ ಕಾಟಮ್ಮ ಬಂದಾಗ ಹೆಂಗಸರು ಕೊಡಗಳನ್ನು ಎತ್ತಿಕೊಂಡು ದೂರ ಸರಿದರು. ಮೂರನೆಯ ದಿನ ಮಜ್ಜಿಗೆಗೆ ಬರುವವರು ಬರಲಿಲ್ಲ. ನಾಲ್ಕನೆಯ ದಿನ ಅಮರಾಪುರದ ಸಂತೆಯಲ್ಲಿ ಮಗ ಲಕ್ಷ್ಮೀನರಸಪ್ಪನನ್ನು ಕಂಬಳಿ ವ್ಯಾಪಾರಿಯೊಬ್ಬ ತೆಲುಗಿನಲ್ಲಿ ಪಕ್ಕಕ್ಕೆ ಕರೆದು, ನಿಮ್ಮಮ್ಮನಿಗೆ ಪೆದ್ದರೋಗವಂತೆ, ಹೌದಾ ಎಂದು ಕೇಳಿದ. ಕುಷ್ಠ ಎಂಬ ಮಾತನ್ನು ಆ ಕಡೆ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ದೊಡ್ಡ ರೋಗ ಎನ್ನುತ್ತಾರೆ, ಇಲ್ಲವೇ ಅದನ್ನೇ ತೆಲುಗಿನಲ್ಲಿ ಹೇಳುತ್ತಾರೆ.

ಲಕ್ಷ್ಮೀನರಸಪ್ಪ ಮನೆಗೆ ಬಂದು ಪೇಟ ಬಿಚ್ಚುವ ಮೊದಲೇ ಹೆಂಡತಿಯನ್ನು ಹಿಡಿದ.

"ಜಡ್ಡು ಅಂತ ಯಾಕೆ ಹೇಳ್ದೆ ಆ ತಿಪ್ಪಮ್ಮಂಗೆ?"

"ಜಡ್ಡು ಅಂದ್ರ ಜಡ್ಡರೀ. ಮೈ ಬಿಸಿ ಆದ್ರೂ ಜಡ್ಡ, ಹೊಟ್ಟಿ ನೊಂದ್ರೂ ಜಡ್ಡ. ಅದ್ರಾಗೇನು ತಪ್ಪೈತಿ?"

"ನಿಮ್ಮೂರಾಗೆ. ಇಲ್ಲಿ ಹಂಗಂದ್ರೆ ಏನು ಗೊತ್ತಾ?"

 ಗೊತ್ತಾದದ್ದೇ ದುರುಗಕ್ಕ ತಿಪ್ಪಮ್ಮನ ಮನೆಗೆ ಓಡಿ, ನಮ್ಮ ಕಡೆ ಆ ಮಾತಿಗೆ ಅರ್ಥವೇ ಬೇರೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ತಿಪ್ಪಮ್ಮ ಬಾಗಿಲ ಒಳಗಿನಿಂದಲೇ ಕೇಳಿದಳು. "ಅದೆಲ್ಲಾ ಸರಿ ಕಣಮ್ಮ. ಮುಳ್ಳು ಚುಚ್ಚಿದ್ರೆ ತಿಳೀತೈತಾ, ತಿಳಿಯಾಕಿಲ್ವಾ?" ದುರುಗಕ್ಕ ಬಂದ ದಾರಿಯಲ್ಲೇ ತಿರುಗಿದಳು.

ಆ ರಾತ್ರಿಯ ಊಟಕ್ಕೆ ಯಾರೂ ಸರಿಯಾಗಿ ಕೈ ಹಾಕಲಿಲ್ಲ. ಲಕ್ಷ್ಮೀನರಸಪ್ಪ ಕೆಟ್ಟವನಲ್ಲ. ತಾಯಿಯನ್ನು ಕಂಡರೆ ಪ್ರೀತಿ ಇದ್ದವನೇ. ಆದರೆ ಮಡಕಶಿರದ ಶಾಲೆಯಲ್ಲಿ ಓದಿದವನು, ಅಲ್ಲಿ ಗೋಡೆಗೆ ಅಂಟಿಸಿದ್ದ ಸರ್ಕಾರದ ತೆಲುಗು ಕಾಗದದಲ್ಲಿ ಸ್ಪರ್ಶವಿಲ್ಲದ ಜಾಗವೇ ಆ ರೋಗದ ಮೊದಲ ಗುರುತು ಎಂದು ಓದಿದ್ದ. ಮಕ್ಕಳಿಗೆ ಬೇಗ ಅಂಟುತ್ತದೆ ಎಂದೂ ಓದಿದ್ದ. ಪಾಪಕ್ಕ ಅಜ್ಜಿಯ ತೊಡೆಯ ಮೇಲೆ ಕುಳಿತು ಅಜ್ಜಿಯ ತುತ್ತಿಗೇ ಬಾಯಿ ತೆರೆಯುತ್ತಿದ್ದಳು. ಅವನಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ಮಗುವನ್ನು ಎತ್ತಿಕೊಂಡ.

"ಅವ್ವ, ಸ್ವಲ್ಪ ದಿನ ರೊಪ್ಪದ ಹತ್ರ ಇರು" ಎಂದ.

ರೊಪ್ಪವೆಂದರೆ ಹಟ್ಟಿಯ ಹೊರಗೆ ಮುಳ್ಳುಬೇಲಿ ಹಾಕಿದ ಕುರಿದೊಡ್ಡಿ. ಪಕ್ಕದಲ್ಲಿ ಒಂದು ಗುಡಿಸಲು.

"ನಂಗೆ ಆ ರೋಗ ಐತೆ ಅಂತೀಯಾ?" ಎಂದು ಕಾಟಮ್ಮ ಕೇಳಿದಳು.

"ಇಲ್ಲ ಅಂತ ಹೇಳೋಕೆ ನಾನು ಯಾರು? ಮಗು ಐತಲ್ಲವ್ವ ಮನೆಯಾಗೆ."

"ಇದ್ರೂ ಇರ್ಬೋದು" ಎಂದಳು ಕಾಟಮ್ಮ ಯೋಚಿಸುತ್ತಾ. "ಆದ್ರೆ ಕಿವಿಗೂ ಬರ್ತೈತಾ ಅದು?"

ಮಗ ಬಾಗಿಲ ಕಡೆ ಸರಿದು ನಿಂತ. ಅವನಿಗೆ ಪ್ರಶ್ನೆ ಬೇಕಿರಲಿಲ್ಲ, ಬೇಲಿ ಬೇಕಿತ್ತು. ಕಾಟಮ್ಮ ಸೀರೆ ಗಂಟು ಕಟ್ಟಿಕೊಂಡಳು. ಚಿಕ್ಕತಿಮ್ಮಯ್ಯ ತನ್ನ ಕಂಬಳಿ, ಕೋಲು, ಚೊಂಬು ತೆಗೆದುಕೊಂಡು ಹೆಂಡತಿಯ ಹಿಂದೆ ಹೊರಟ. "ನೀನ್ಯಾಕಪ್ಪ?" ಎಂದು ಮಗ ಕೇಳಿದ್ದಕ್ಕೆ, "ನನ್ನ ಕುರಿ ಅಲ್ಲೈತಲ್ಲ" ಎಂದ.

ದುರುಗಕ್ಕ ದಿನಕ್ಕೆರಡು ಸಲ ಬುಟ್ಟಿಯಲ್ಲಿ ಊಟ ತರುತ್ತಿದ್ದಳು. ಗಂಡನ ಮಾತಿನಂತೆ ಬೇಲಿಯ ಹೊರಗೆ ಇಟ್ಟು ಹೋಗಬೇಕಿತ್ತು. ಅವಳು ಇಟ್ಟು ಹೋಗುತ್ತಿರಲಿಲ್ಲ, ಒಳಗೆ ಬಂದು ಅತ್ತೆಯ ಬಲಕ್ಕೆ ಕುಳಿತುಕೊಳ್ಳುತ್ತಿದ್ದಳು. ಮೊದಲ ದಿನ ಅತ್ತೆಯ ಕಾಲು ಹಿಡಿದುಕೊಂಡು ಅತ್ತಳು.

"ನನ್ನ ನಾಲಿಗಿಂದ ಆತ್ರಿ ಇದು."

"ನಿನ್ನ ನಾಲಿಗೆ ಸರಿಯಾಗೈತೆ. ಕೆಟ್ಟಿರೋದು ನಂದು" ಎಂದಳು ಕಾಟಮ್ಮ. ಆಮೇಲೆ, "ಮಗು ನನ್ನ ಕೇಳ್ತೈತಾ?" ಎಂದಳು.

ಕೇಳುತ್ತಿತ್ತು. ಊಟದ ಹೊತ್ತಿಗೆ ಬಾಗಿಲ ಕಡೆ ಪುಟುಪುಟು ಓಡಿ ಹೋಗಿ ಅಜ್ಜಿ ಅಜ್ಜಿ ಎಂದು ಕೂಗುತ್ತಿತ್ತು. ದುರುಗಕ್ಕ ಅದನ್ನು ಹೇಳಿಬಿಟ್ಟಳು. ಕಾಟಮ್ಮ ಅಂದು ಅರ್ಧ ಮುದ್ದೆ ಬಿಟ್ಟಳು. ರೋಗಕ್ಕಿಂತ ಆ ಮಗುವಿಲ್ಲದ ಊಟವೇ ಅವಳಿಗೆ ಕಷ್ಟವಾಗಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಚಿಕ್ಕತಿಮ್ಮಯ್ಯ ಎರಡು ವಾರ ಹೆಂಡತಿ ನಡೆಯುವುದನ್ನು ನೋಡಿದ. ನಲವತ್ತು ವರ್ಷ ಕುರಿಗಳ ನಡಿಗೆ ನೋಡಿ ಯಾವುದಕ್ಕೆ ಏನಾಗಿದೆ ಎಂದು ಹೇಳುವವನು ಅವನು. ಕಾಟಮ್ಮ ಬೇಲಿಯಿಂದ ಗುಡಿಸಲಿಗೆ ಬರುವಾಗ ನೇರ ಬರುತ್ತಿರಲಿಲ್ಲ, ಎಡಕ್ಕೆ ಜಾರಿ ಜಾರಿ ಬರುತ್ತಿದ್ದಳು. ಮಬ್ಬು ಕವಿದ ಮೇಲೆ ಬೇಲಿ ಹಿಡಿದುಕೊಳ್ಳುತ್ತಿದ್ದಳು. ಮಂದೆಯಲ್ಲಿ ಒಂದು ಎಳೆ ಕುರಿಯೂ ಹಾಗೆಯೇ ಇತ್ತು. ಅದು ತಿಂಗಳಿಂದ ಎಡಕ್ಕೇ ಸುತ್ತುತ್ತಿತ್ತು, ಈಗ ಮೇಯುವುದನ್ನೂ ಬಿಟ್ಟಿತ್ತು.

ಒಂದು ಬೆಳಿಗ್ಗೆ ಅವನು ಮಗನನ್ನು ಕರೆಸಿದ. ಲಕ್ಷ್ಮೀನರಸಪ್ಪ ಬೇಲಿಯ ಹೊರಗೆ ನಿಂತ.

"ಒಳಗೆ ಬಾರೋ. ಕುರಿ ಕೊಯ್ಯೋದೈತೆ, ಹಿಡ್ಕೊಳ್ಳೋಕೆ ಜನ ಬೇಕು."

ಕೊಯ್ದ ಮೇಲೆ ಅವನು ಮಾಂಸಕ್ಕೆ ಕೈ ಹಾಕಲಿಲ್ಲ, ತಲೆಯನ್ನು ತೆಗೆದುಕೊಂಡ. ಬುರುಡೆಯ ಎಡಭಾಗದಲ್ಲಿ ಬೆರಳಿನಿಂದ ಒತ್ತಿ ಮೆತ್ತಗಾದ ಜಾಗ ಹುಡುಕಿ, ಕೊಡಲಿಯಿಂದ ನಾಜೂಕಾಗಿ ಬಿಡಿಸಿದ. ಒಳಗೆ ಮಿದುಳಿಗೆ ಒತ್ತಿಕೊಂಡು ಒಂದು ನೀರುಗುಳ್ಳೆ ಇತ್ತು. ಅಡಿಕೆಯಷ್ಟು ದಪ್ಪ, ತೆಳುವಾದ ಪೊರೆ, ಒಳಗೆ ತಿಳಿನೀರಿನಲ್ಲಿ ಗಸಗಸೆಯಂಥ ಬಿಳಿ ಕಾಳುಗಳು. ಅದು ಕುಳಿತಿದ್ದ ಜಾಗದಲ್ಲಿ ಮಿದುಳು ಗುಳಿ ಬಿದ್ದಿತ್ತು.

"ಯಾವ ಕಡೆ ಗುಳ್ಳೆ ಇರ್ತೈತೋ ಆ ಕಡೆಗೇ ಸುತ್ತುತ್ತೈತೆ" ಎಂದ ಚಿಕ್ಕತಿಮ್ಮಯ್ಯ. "ಕೆಲವಕ್ಕೆ ಕಣ್ಣೂ ಹೋಗ್ತೈತೆ. ಚರ್ಮ ನೋಡು, ಏನಾದ್ರೂ ಆಗೈತಾ? ಇಲ್ಲ. ನಿಮ್ಮವ್ವನ ರೋಗ ಚರ್ಮದಾಗಿಲ್ಲ ಕಣೋ. ಒಳಗೈತೆ."

ಅಷ್ಟು ಉದ್ದದ ಮಾತನ್ನು ಅವನು ಮಗನ ಮದುವೆಯಲ್ಲೂ ಆಡಿರಲಿಲ್ಲ. ಕಾಟಮ್ಮ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತು ಗುಳ್ಳೆಯನ್ನು ಕಡ್ಡಿಯಿಂದ ಹೊರಳಿಸಿ ನೋಡಿದಳು.

"ನನ್ನೊಳಗೂ ಹಿಂಗೇ ಇರ್ತೈತಾ?"

"ಇಂಥದ್ದೋ, ಇನ್ನೊಂಥರದ್ದೋ."

"ಕುರಿಗೂ ಅವ್ವಂಗೂ ಹೋಲಿಸ್ತೀಯಲ್ಲಪ್ಪಾ" ಎಂದ ಲಕ್ಷ್ಮೀನರಸಪ್ಪ. ಆದರೆ ಅವನೂ ಆ ಗುಳಿ ಬಿದ್ದ ಮಿದುಳನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ, "ಊರು ನಂಬ್ಬೇಕಲ್ಲ. ಡಾಕ್ಟರು ಅಲ್ಲ ಅಂತ ಕಾಗದ ಬರ್ಕೊಟ್ರೆ ಅವ್ವನ್ನ ಆವತ್ತೇ ಒಳಗೆ ಕರ್ಕೊಂತೀನಿ" ಎಂದ.

ಮಡಕಶಿರದ ಆಸ್ಪತ್ರೆಗೆ ಹೋದರೆ ಅಲ್ಲಿ ವಾರಕ್ಕೊಮ್ಮೆ ದೊಡ್ಡ ರೋಗದವರಿಗೆ ಸೂಜಿ ಹಾಕುತ್ತಾರೆ. ಆ ಸಾಲಿನ ಹತ್ತಿರ ಯಾರಾದರೂ ಕಂಡರೆ ಆಡಿಕೊಳ್ಳುವವರಿಗೆ ಬೇರೆ ಸಾಕ್ಷಿಯೇ ಬೇಕಿಲ್ಲ. ಅಂದು ಕೊಯ್ದ ಮಾಂಸದಲ್ಲಿ ವಾಡಿಕೆಯಂತೆ ಪಕ್ಕದ ಮನೆಗೆ ಕಳಿಸಿದ ಪಾಲನ್ನೂ ತಿಪ್ಪಮ್ಮ ತೆಗೆದುಕೊಂಡಿರಲಿಲ್ಲ. ಹಾಗಾಗಿ ದುರುಗಕ್ಕ ತಾನೇ ಮುಂದೆ ಬಂದಳು. ರಾಯದುರ್ಗದಲ್ಲಿ ಒಳ್ಳೆಯ ಡಾಕ್ಟರು ಇದ್ದಾರೆ, ಅಣ್ಣ ಉಜ್ಜಿನಪ್ಪನಿಗೆ ಗುರುತು, ತವರಿಗೆ ಹೋಗುವ ನೆವದಲ್ಲಿ ಅತ್ತೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಮಗುವನ್ನು ಅಪ್ಪನ ಹತ್ತಿರ ಬಿಟ್ಟು ಹೋಗಬೇಕು ಎಂದಾಗ ಕಾಟಮ್ಮ ಮುಖ ತಿರುಗಿಸಿಕೊಂಡಳು.

ಮೋಟಾರು ಬಸ್ಸು ಬದಲಿಸುತ್ತಾ ಎರಡು ದಿನದ ಹಾದಿ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಕಾಟಮ್ಮ ಸೊಸೆಯ ಮೇಲೆ ಬೀಳುತ್ತಿದ್ದಳು. ಎಡಕ್ಕೆ ತಿರುಗಿದರೆ ಎಷ್ಟು ವಾಲುತ್ತೇನೆ, ಬಲಕ್ಕೆ ತಿರುಗಿದರೆ ಎಷ್ಟು ಎಂದು ಆಗಲೂ ಗಮನಿಸಿಕೊಳ್ಳುತ್ತಿದ್ದಳು. ರಾಯದುರ್ಗದಲ್ಲಿ ಇಳಿದಾಗ ಉಜ್ಜಿನಪ್ಪ ಗಾಡಿ ಕಟ್ಟಿಕೊಂಡು ಬಂದಿದ್ದ.

"ಬರ್ರಿ ಅತ್ತಿ, ಆರಾಮ ಅದೀರೇನ್ರಿ?" ಎಂದು ಕೇಳಿ ಕೈ ಹಿಡಿದು ಗಾಡಿ ಹತ್ತಿಸಿದ. ಮೂರು ವಾರದಿಂದ ಸೊಸೆಯನ್ನು, ಗಂಡನನ್ನು ಬಿಟ್ಟರೆ ಯಾರೂ ಅವಳನ್ನು ಮುಟ್ಟಿರಲಿಲ್ಲ. ಕಾಟಮ್ಮನ ಕಣ್ಣು ತುಂಬಿತು.

ಡಾಕ್ಟರು ಮದರಾಸಿನಲ್ಲಿ ಓದಿ ಬಂದ ನಡುವಯಸ್ಸಿನ ಮನುಷ್ಯ. ಕನ್ನಡ ತಿಳಿಯುತ್ತಿತ್ತು, ಮಾತಾಡುವುದು ತೆಲುಗು. ಕಾಟಮ್ಮನಿಗೆ ತೆಲುಗು ಕಷ್ಟವಲ್ಲ. ಹತ್ತಿಯ ಎಳೆಯಿಂದ ಮುಖ ಮುಟ್ಟಿದರು, ಸೂಜಿಯಿಂದ ಮುಟ್ಟಿದರು, ಒಂದು ಗಾಜಿನ ನಳಿಕೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ಇಟ್ಟು ಕೇಳಿದರು.

"ಇದನ್ನ ನಾವು ಮನೆಯಾಗೇ ಮಾಡಿದ್ವಿ" ಎಂದಳು ಕಾಟಮ್ಮ.

"ಏನೇನು ಮಾಡಿದಿರಿ?"

ಅವಳು ಮುಳ್ಳು, ಮೆಣಸಿನಕಾಯಿ, ಅರಿಸಿನ ಎಲ್ಲವನ್ನೂ ಹೇಳಿದಳು. ಡಾಕ್ಟರು ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಹತ್ತಿಯ ಎಳೆಯನ್ನು ಬಲಗಣ್ಣಿಗೆ ಸೋಕಿಸಿದರು. ರೆಪ್ಪೆ ತಟ್ಟನೆ ಮುಚ್ಚಿತು. ಎಡಗಣ್ಣಿಗೆ ಸೋಕಿಸಿದರು. ಕಾಟಮ್ಮ ಎಳೆಯನ್ನೇ ನೋಡುತ್ತಾ ಕುಳಿತಿದ್ದಳು. ಗುಂಯ್‌ಗುಡುವ ಕಬ್ಬಿಣದ ಕವೆಯನ್ನು ಎರಡೂ ಕಿವಿಗೆ ಹಿಡಿದರು. ನೆಲದ ಗೆರೆಯ ಮೇಲೆ ನಡೆಸಿದರು, ಅವಳು ಎಡಕ್ಕೆ ಸರಿದಳು. ಕೊನೆಗೆ ಮೊಣಕೈ, ಕಿವಿಯ ಹಾಲೆ, ಬೆನ್ನು, ಪಾದ ಎಲ್ಲವನ್ನೂ ಬೆಳಕಿನಲ್ಲಿ ಹುಡುಕಿ ನೋಡಿದರು.

"ಇದಿ ಪೆದ್ದರೋಗಂ ಕಾದಮ್ಮಾ" ಎಂದರು. ಅದಲ್ಲ ಇದು.

ದುರುಗಕ್ಕ ಅಲ್ಲೇ ನಿಂತು ಅಳತೊಡಗಿದಳು. ಆ ರೋಗ ಹೀಗೆ ಅರ್ಧ ನಾಲಿಗೆಯನ್ನು ಗೆರೆ ಎಳೆದಂತೆ ಹಿಡಿಯುವುದಿಲ್ಲ, ಕಿವಿಯನ್ನೂ ನಡಿಗೆಯನ್ನೂ ಜೊತೆಗೆ ಕೆಡಿಸುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಒಂದು ಗಡ್ಡೆ ಬೆಳೆದಿದೆ. ಮೊದಲು ಕಿವಿ ತಿಂದಿತು. ಬೆಳೆದು ಪಕ್ಕದಲ್ಲಿರುವ ಮುಖದ ನರವನ್ನು ಒತ್ತುತ್ತಿದೆ, ಅದಕ್ಕೇ ಕೆನ್ನೆ, ನಾಲಿಗೆ ಮರಗಟ್ಟಿವೆ.

"ಒಳಗೆ ನೀರು ಇರ್ತೈತಾ ಸ್ವಾಮಿ? ಗಸಗಸೆ ತರ ಕಾಳು?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಕಾಟಮ್ಮ ಕುರಿಯ ಕತೆ ಹೇಳಿದಳು. ಅವರು ನಗಲಿಲ್ಲ, ಒಂದು ಕಾಗದದಲ್ಲಿ ಅದನ್ನು ಬರೆದುಕೊಂಡರು. "ನಿಮ್ಮ ಯಜಮಾನರು ಹೇಳಿದ್ದು ತೊಂಬತ್ತು ಪಾಲು ಸರಿ. ಅದು ಹುಳದ ಗುಳ್ಳೆ, ಇದು ಮಾಂಸದ ಗಡ್ಡೆ. ಜಾಗ ಮಾತ್ರ ಒಳಗೇ."

"ತೆಗೀಬೋದಾ?"

"ಬೇರೆ ದೇಶದಲ್ಲಿ ತೆಗೆಯುವವರಿದ್ದಾರೆ. ಅಲ್ಲೂ ಬಹಳ ಜನ ಉಳಿಯುವುದಿಲ್ಲ. ಇಲ್ಲಿ ಮದರಾಸಿನಲ್ಲೂ ಆ ಕೈ ಇರುವವರು ನನಗೆ ಗೊತ್ತಿಲ್ಲ."

"ಮುಂದೆ ಏನಾಗ್ತೈತೆ?"

ಡಾಕ್ಟರು ಸೊಸೆಯ ಕಡೆ ನೋಡಿದರು. "ನಂಗೇ ಹೇಳಿ. ನಂದಲ್ವಾ ತಲೆ" ಎಂದಳು ಕಾಟಮ್ಮ. ಅವರು ಹೇಳಿದರು. ನಿಧಾನವಾಗಿ ಬೆಳೆಯುತ್ತದೆ. ಮುಖ ಸೊಟ್ಟಗಾಗಬಹುದು, ಎಡಗಣ್ಣು ಕೆಡಬಹುದು, ಊಟ ನುಂಗುವುದು ಕಷ್ಟವಾಗಬಹುದು, ಕಾಲು ನಿಲ್ಲದೆ ಹೋಗಬಹುದು. ಎರಡು ವರ್ಷವೋ, ನಾಲ್ಕು ವರ್ಷವೋ ಹೇಳಲು ಬರುವುದಿಲ್ಲ. ಆಮೇಲೆ ಕಾಗದ ಬರೆದರು, ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ತೆಲುಗಿನಲ್ಲಿ. ರುಜು ಹಾಕಿ ಮೊಹರು ಒತ್ತಿದರು.

ಹೊರಗೆ ಬೇವಿನ ಮರದ ಕೆಳಗೆ ಗಾಡಿ ಕಾಯುತ್ತಾ ಕುಳಿತಾಗ ಕಾಟಮ್ಮನಿಗೆ ಭಯವಾಯಿತು. ಅಲ್ಲಿಯ ತನಕ ತಿಳಿದುಕೊಳ್ಳುವ ಗಡಿಬಿಡಿಯಲ್ಲಿ ಭಯಕ್ಕೆ ಹೊತ್ತೇ ಸಿಕ್ಕಿರಲಿಲ್ಲ. ಸೊಸೆಯ ಕೈ ಹಿಡಿದುಕೊಂಡಳು. "ಊರಿಗೆ ಮುಂದಿನದ್ದೆಲ್ಲಾ ಹೇಳೂದು ಬ್ಯಾಡ್ರಿ ಅತ್ತೀ. ಕಾಗದ ಸಿಕ್ತಲ್ರಿ, ಸಾಕು" ಎಂದಳು ದುರುಗಕ್ಕ. ಕಾಟಮ್ಮ ಗಾಡಿ ಬರುವ ದಾರಿ ನೋಡಿದಳು.

ಅಮರಾಪುರದಲ್ಲಿ ಬಸ್ಸಿಳಿದಾಗ ಲಕ್ಷ್ಮೀನರಸಪ್ಪ ಕಾದಿದ್ದ. ಕಾಗದದ ತೆಲುಗು ಸಾಲುಗಳನ್ನು ಅಲ್ಲೇ ನಿಂತು ಎರಡು ಸಲ ಓದಿದ, ಮುಖ ಅರಳಿತು. ಹಟ್ಟಿ ಸೇರುತ್ತಲೇ ಚಾವಡಿಯಲ್ಲಿ ಗಟ್ಟಿಯಾಗಿ ಓದಿದ. ತಿಪ್ಪಮ್ಮನ ಬಾಗಿಲ ಮುಂದೆ ಇನ್ನೊಮ್ಮೆ ಓದಿದ. ಓದಿ ಮುಗಿಸಿ ತಿರುಗಿ ನೋಡಿದರೆ ತಾಯಿ ಇರಲಿಲ್ಲ. ಮನೆಯಲ್ಲೂ ಇರಲಿಲ್ಲ. ಅವಳು ನೇರ ರೊಪ್ಪಕ್ಕೆ ಹೋಗಿ ಗುಡಿಸಲ ಮುಂದೆ ಗಂಡನ ಪಕ್ಕದಲ್ಲಿ ಕುಳಿತಿದ್ದಳು.

"ಮನೆಗೆ ಬಾರವ್ವ. ಎಲ್ರಿಗೂ ಓದಿ ಹೇಳಿದೀನಿ. ಇನ್ಯಾರೂ ಏನೂ ಅನ್ನಂಗಿಲ್ಲ."

ಕಾಟಮ್ಮ ಮಗನನ್ನು ಬಲಕ್ಕೆ ಕೂರಿಸಿಕೊಂಡಳು.

"ಒಂದು ಮಾತು ಕೇಳ್ತೀನಿ. ಸಿಟ್ಟಿಗಲ್ಲ, ತಿಳ್ಕೊಳ್ಳೋಕೆ. ಆ ಕಾಗದದಾಗೆ ಹೌದು ಅಂತ ಬರೆದಿದ್ರೆ ಏನು ಮಾಡ್ತಿದ್ದೆ?"

"ಬರೆದಿಲ್ವಲ್ಲವ್ವ."

"ಬರೆದಿಲ್ಲ. ಬರೆದಿದ್ರೆ?"

ಲಕ್ಷ್ಮೀನರಸಪ್ಪ ಕಾಗದವನ್ನು ಮಡಚಿದ, ಬಿಚ್ಚಿದ. ಸುಳ್ಳು ಹೇಳಬಹುದಿತ್ತು. ತಾಯಿ ಕಣ್ಣು ಕೀಳದೆ ನೋಡುತ್ತಿದ್ದಳು.

"ಇಲ್ಲೇ ಬಿಡ್ತಿದ್ದೆ" ಎಂದ.

ಕಾಟಮ್ಮ ತಲೆದೂಗಿದಳು. "ನಿಜ ಹೇಳ್ದೆ, ಒಳ್ಳೇದಾಯ್ತು. ಈಗ ನಾನೂ ನಿಜ ಹೇಳ್ತೀನಿ ಕೇಳು. ಇದು ಬೆಳೀತೈತಂತೆ. ಮುಖ ಸೊಟ್ಟಾಗ್ತೈತೆ, ಕಣ್ಣು ಕೆಡ್ತೈತೆ, ಬಾಯಾಗಿಂದು ಸೋರ್ತೈತೆ. ನೋಡಿದ ಜನ ಮತ್ತೆ ಅದೇ ಮಾತಾಡ್ತಾರೆ. ಆವಾಗ ಯಾವ ಕಾಗದ ಓದ್ತೀಯ?"

ಮಗ ಹೆಂಡತಿಯ ಕಡೆ ನೋಡಿದ. ದುರುಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಮುಖ ನೋಡಿ ಅವನಿಗೆ ಇದು ನಿಜವೆಂದು ತಿಳಿಯಿತು.  ಕಾಗದದಲ್ಲಿ ಇಲ್ಲದ್ದನ್ನು ಅವನು ಯೋಚಿಸಿಯೇ ಇರಲಿಲ್ಲ.

"ಕಾಗದ ಹಿಡ್ಕೊಂಡು ನಾನು ಒಳಗೆ ಬರಾಕಿಲ್ಲ" ಎಂದಳು ಕಾಟಮ್ಮ. "ಹಸಿವಾಗೈತೆ. ಊಟ ಇಲ್ಲಿಗೆ ತಗೊಂಡು ಬಾ. ನಂದಲ್ಲ, ಎಲ್ರದೂ."

ಲಕ್ಷ್ಮೀನರಸಪ್ಪ ಎದ್ದು ಮನೆಗೆ ಹೋಗಿ, ತಾನೇ ಬೇಯಿಸಿಟ್ಟಿದ್ದ ಅಡಿಗೆ ಹೊತ್ತುಕೊಂಡು ಹೊರಟ. ನಡುಮಧ್ಯಾಹ್ನ, ಹಟ್ಟಿಯ ಜನವೆಲ್ಲ ಬಾಗಿಲಲ್ಲಿದ್ದರು. ತಲೆಯ ಮೇಲೆ ಸಾರಿನ ಮಡಿಕೆ, ಅದರ ಮೇಲೆ ಮುದ್ದೆಯ ಬುಟ್ಟಿ, ಸೊಂಟದಲ್ಲಿ ಪಾಪಕ್ಕ. ಗಂಡಸು ಹಾಗೆ ಅಡಿಗೆ ಹೊತ್ತುಕೊಂಡು ಬೀದಿಯಲ್ಲಿ ಹೋಗುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಸಾರು ತುಳುಕಿ ಭುಜದ ಮೇಲೆ ಇಳಿಯುತ್ತಿತ್ತು.

"ಎಲ್ಲಿಗೆ ಹೊಂಟ್ಯಪ್ಪಾ ಲಕ್ಷ್ಮೀನರಸ? ಕಾಗದದಾಗೆ ಏನೂ ಇಲ್ಲ ಅಂದ್ಯಲ್ಲ" ಎಂದಳು ತಿಪ್ಪಮ್ಮ.

"ಕಾಗದ ಮನೆಯಾಗೈತೆ. ನಮ್ಮವ್ವ ಉಣ್ಣೋಕೆ ಕರೆದವ್ಳೆ" ಎಂದು ಅವನು ನಿಲ್ಲದೆ ನಡೆದ.

ಬೇಲಿಯ ಒಳಗೆ ಬಂದು ಮೊದಲು ಮಗುವನ್ನು ಕೆಳಗಿಳಿಸಿದ. ಪಾಪಕ್ಕ ಓಡಿ ಹೋಗಿ ಅಜ್ಜಿಯ ತೊಡೆಯ ಮೇಲೆ ಬಿದ್ದು ಬಾಯಿ ತೆರೆದಳು. ಕಾಟಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿ ತುತ್ತು ಕೊಡುವ ಮೊದಲು ಮಗನ ಮುಖ ನೋಡಿದಳು. ಅವನು ಕೈ ಚಾಚಲಿಲ್ಲ, ತಡೆಯಲಿಲ್ಲ. ಮಗು ನುಂಗಿತು. ಐವರೂ ಕುರಿಗಳ ವಾಸನೆಯ ನಡುವೆ ನೆಲದ ಮೇಲೆ ಕುಳಿತರು. ಲಕ್ಷ್ಮೀನರಸಪ್ಪ ಒಂದು ತುತ್ತು ಮುರಿದವನು ಕೈಯಲ್ಲೇ ಹಿಡಿದುಕೊಂಡು ಕುಳಿತ.

"ಡಾಕ್ಟರು ಇನ್ನೇನೇನು ಹೇಳಿದ್ರವ್ವ?" ಎಂದು ಕೇಳಿದ. "ಎಲ್ಲಾ ಹೇಳು."

ತಾಯಿಯನ್ನು ರೊಪ್ಪಕ್ಕೆ ಕಳಿಸಿದ ಮೇಲೆ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಹೇಳ್ತೀನಿ, ಮೊದ್ಲು ಉಣ್ಣು. ಆರಿ ಹೋಗ್ತೈತೆ" ಎಂದಳು ಕಾಟಮ್ಮ.